ಐಕಾನ್ ಬರೆಯುವಾಗ ಪ್ರಾರ್ಥನೆ ಕೆಲಸದ ಯಾವ ಹಂತದಲ್ಲಿ ಬರುತ್ತದೆ?

ಕಡಲತಡಿ_ಕುಂಚ ಕೇಳಿದ್ದು:

ಕ್ರೈಸ್ತ ಕಲಾವಿದರ ಬಗ್ಗೆ ಓದುವಾಗೆಲ್ಲ "ಪ್ರಾರ್ಥಿಸುತ್ತಲೇ ಚಿತ್ರ ಬರೆದರು" ಎಂಬ ಮಾತು ಬರುತ್ತದೆ, ಅಲ್ಲಿಗೇ ಮುಗಿಯುತ್ತದೆ. ಆ ಪ್ರಾರ್ಥನೆ ಕೆಲಸದೊಳಗೆ ಎಲ್ಲಿ ಸೇರುತ್ತದೆ, ಕೈಗೂ ಮನಸ್ಸಿಗೂ ಅದರಿಂದ ಏನಾಗುತ್ತದೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಮರದ ಹಲಗೆಯ ಮೇಲೆ ಮೊಟ್ಟೆಯ ಹಳದಿ ಭಾಗದಿಂದ ಐಕಾನ್ (ಕ್ರಿಸ್ತನ, ಸಂತರ ಪವಿತ್ರ ಚಿತ್ರ) ಬರೆಯುವ ಪದ್ಧತಿ ಗೊತ್ತಿರುವವರು ಹಂತ ಹಂತವಾಗಿ ವಿವರಿಸಬಹುದೇ? ಮಂಗಳೂರು ಕಡೆಯ ಹವೆಯಲ್ಲಿ ತಳಪಾಯದ ಬಿಳಿ ಲೇಪ ಏಕೆ ಬಿಟ್ಟುಕೊಳ್ಳುತ್ತದೆ ಎನ್ನುವುದೂ ತಿಳಿಯಬೇಕು. ಇನ್ನೊಂದು: ಮನಸ್ಸು ಒಣಗಿದ ದಿನ, ಪ್ರಾರ್ಥನೆಯೇ ಬಾರದ ದಿನ, ಕೆಲಸ ನಿಲ್ಲಿಸಬೇಕೇ?

ಹಲಗೆ_ಮತ್ತು_ಸೀಮೆಸುಣ್ಣ:

ಲೇಪದಿಂದಲೇ ಶುರುಮಾಡೋಣ. ಮನಸ್ಸಿನ ಶಿಸ್ತು ಅಲ್ಲಿಂದಲೇ ಶುರುವಾಗುವುದು.

ಚೆನ್ನಾಗಿ ಒಣಗಿದ, ಗಂಟಿಲ್ಲದ ಹಲಗೆ ಬೇಕು. 50 ಗ್ರಾಂ ಪ್ರಾಣಿಚರ್ಮದ ಅಂಟನ್ನು ಅರ್ಧ ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. 60 ಡಿಗ್ರಿ ದಾಟಬಾರದು. ಕುದಿಸಿದರೆ ಅಂಟಿನ ಪ್ರೋಟೀನ್ ಒಡೆದು ಹಿಡಿತ ಹೋಗುತ್ತದೆ. ಮೊದಲು ಬರೀ ಅಂಟು ಬಳಿಯಿರಿ, ಅದರ ಮೇಲೆ ತೆಳು ಹತ್ತಿಬಟ್ಟೆ ಅಂಟಿಸಿ, ಆಮೇಲೆ ಸೀಮೆಸುಣ್ಣದ ಪುಡಿ ಬೆರೆಸಿದ ಲೇಪವನ್ನು ಎಂಟರಿಂದ ಹತ್ತು ತೆಳು ಪದರಗಳಲ್ಲಿ ಹಚ್ಚಿ. ಮೇಲಿನ ಪದರದ ಅಂಟು ಕೆಳಗಿನದಕ್ಕಿಂತ ಗಟ್ಟಿಯಾಗಿರಲೇಬಾರದು. ಗಟ್ಟಿ ಪದರ ಒಣಗುತ್ತಾ ಕುಗ್ಗಿ ಕೆಳಗಿನ ದುರ್ಬಲ ಪದರವನ್ನು ಕಿತ್ತುಕೊಂಡೇ ಏಳುತ್ತದೆ. ಲೇಪ ಬಿಟ್ಟುಕೊಳ್ಳುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈಹಾಕಬೇಡಿ: ಪದರ ಒಳಗಿನವರೆಗೆ ಒಣಗುವುದಿಲ್ಲ, ಅಂಟಿಗೆ ಬೂಸ್ಟು ಹಿಡಿಯುತ್ತದೆ, ಹಲಗೆ ಬಾಗುತ್ತದೆ. ಡಿಸೆಂಬರ್, ಜನವರಿ ಒಳ್ಳೆಯದು.

ಬಣ್ಣಕ್ಕೆ: ಹಳದಿ ಭಾಗವನ್ನು ಅಂಗೈಯಿಂದ ಅಂಗೈಗೆ ಹೊರಳಿಸಿ ಬಿಳಿಯನ್ನು ಪೂರ್ತಿ ತೆಗೆಯಿರಿ. ಪೊರೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಚುಚ್ಚಿ. ಒಳಗಿನ ದ್ರವ ಬಟ್ಟಲಿಗೆ ಇಳಿಯಲಿ, ಪೊರೆ ಕೈಯಲ್ಲೇ ಉಳಿಯಲಿ. ಅಷ್ಟೇ ಪ್ರಮಾಣದ ನೀರು, ಕೆಲವು ಹನಿ ವಿನಿಗರ್. ಹಳದಿ ಹೆಚ್ಚಾದರೆ ಬಣ್ಣ ಮಿರುಗಿ ಬಿರುಕು ಬಿಡುತ್ತದೆ, ಕಡಿಮೆಯಾದರೆ ಬೆರಳಿಗೆ ಪುಡಿಯಾಗಿ ಬರುತ್ತದೆ. ದಿನಾ ಹೊಸದಾಗಿ ಕಲಸಿ.

ಈಗ ಪ್ರಾರ್ಥನೆಯ ಮಾತು. ಪೂರ್ವದ ಆರ್ಥೊಡಾಕ್ಸ್ ಸಂಪ್ರದಾಯದಲ್ಲಿ ಉಪವಾಸ, ಪಾಪನಿವೇದನೆ ಕೆಲಸಕ್ಕೆ ಮೊದಲು. ಕುಂಚ ಹಿಡಿದ ಮೇಲೆ "ಪ್ರಭು ಯೇಸುಕ್ರಿಸ್ತನೇ, ದೇವರ ಪುತ್ರನೇ, ಪಾಪಿಯಾದ ನನ್ನನ್ನು ಕರುಣಿಸು" ಎಂಬ ಚಿಕ್ಕ ಜಪ ಉಸಿರಿನ ಜೊತೆ ನಡೆಯುತ್ತದೆ. ಇದಕ್ಕೂ ತಂತ್ರಕ್ಕೂ ಒಳಗಿನ ನಂಟಿದೆ. ಮೊಟ್ಟೆಬಣ್ಣ ಕೆಲವೇ ಸೆಕೆಂಡುಗಳಲ್ಲಿ ಒಣಗುವುದರಿಂದ ಎಣ್ಣೆಬಣ್ಣದಂತೆ ತೀಡಿ ಬೆರೆಸಲಾಗದು. ಸಣ್ಣ ಗೆರೆಗಳನ್ನೇ ಒಂದರ ಪಕ್ಕ ಒಂದು ಹಾಕುತ್ತಾ ಹೋಗಬೇಕು. ಅವಸರದ ಮನಸ್ಸು ಒಣಗದ ಗೆರೆಯ ಮೇಲೆ ಮತ್ತೆ ಕುಂಚ ಆಡಿಸಿ ಕೆಳಗಿನ ಬಣ್ಣವನ್ನೇ ಎಬ್ಬಿಸುತ್ತದೆ. ಜಪ ಆ ಅವಸರವನ್ನು ತಡೆಯುತ್ತದೆ.

ಮುಖ ಬರೆಯುವ ಕ್ರಮವನ್ನೂ ನೋಡಿ. ರಷ್ಯನ್ ಪದ್ಧತಿಯಲ್ಲಿ ಮೊದಲು ಸಾಂಕಿರ್ ಎಂಬ ಹಸಿರು ಮಿಶ್ರಿತ ಕಂದು ಬಣ್ಣ ಪೂರ್ತಿ ಹಚ್ಚುತ್ತಾರೆ. ಅದರ ಮೇಲೆ ಓಕರ್ ಮಣ್ಣಿನ ಬಣ್ಣ ಹಂತ ಹಂತವಾಗಿ ತಿಳಿಯಾಗುತ್ತಾ, ಪ್ರತಿ ಸಲ ಮೊದಲಿಗಿಂತ ಚಿಕ್ಕ ಜಾಗಕ್ಕೆ ಬರುತ್ತದೆ. ಹಣೆ, ಕೆನ್ನೆಯ ಏಣು, ಮೂಗಿನ ತುದಿಗೆ ಕೂದಲೆಳೆಯಂಥ ಬಿಳಿ ಗೆರೆ ಕೊನೆಗೆ. ಕತ್ತಲೆಯಿಂದ ಬೆಳಕಿಗೆ ಹೋಗುವ ಈ ಕ್ರಮವನ್ನೇ ಬರೆಯುವವರು ಧ್ಯಾನಿಸುತ್ತಾರೆ. ಹೊರಗಿನ ಒಂದು ದಿಕ್ಕಿನಿಂದ ಬೆಳಕು ಬೀಳಿಸುವುದಿಲ್ಲ; ಬೆಳಕು ಸಂತರ ಒಳಗಿನದು ಎಂಬ ನಂಬಿಕೆ ಇಲ್ಲಿ ನೇರವಾಗಿ ಕೈಕೆಲಸವಾಗಿದೆ.

ವಾಡಿಕೆಯಂತೆ ಚಿತ್ರಕಾರ ತನ್ನ ಹೆಸರು ಹಾಕುವುದಿಲ್ಲ. 787ರಲ್ಲಿ ಚರ್ಚಿನ ಎರಡನೇ ನೈಸಿಯಾ ಮಹಾಸಭೆ ಹೇಳಿದ್ದು, ಚಿತ್ರಕ್ಕೆ ಸಲ್ಲುವ ಗೌರವ ಚಿತ್ರದಲ್ಲಿರುವ ವ್ಯಕ್ತಿಗೆ ಸಲ್ಲುತ್ತದೆ ಎಂದು. ನಡುವೆ ಚಿತ್ರಕಾರ ನಿಲ್ಲುವಂತಿಲ್ಲ. 1551ರ ಮಾಸ್ಕೋ ಚರ್ಚ್ ಸಭೆಯಂತೂ ಚಿತ್ರಕಾರ ವಿನಯವಂತನೂ ಭಕ್ತನೂ ಆಗಿರಬೇಕೆಂದು ನಿಯಮವನ್ನೇ ಮಾಡಿ, ರಷ್ಯದ ಐಕಾನ್ ಚಿತ್ರಕಾರ ಆಂದ್ರೇ ರುಬ್ಲೆವ್‌ನನ್ನು ಮಾದರಿಯಾಗಿ ತೋರಿಸಿತು.

ಹಸಿಗಾರೆ:

ಒಣಗಿದ ದಿನದ ಪ್ರಶ್ನೆಗೆ ನನಗೆ ತಿಳಿದ ಅತ್ಯುತ್ತಮ ಉತ್ತರ ಯೇಸುಸಭೆ ಎಂಬ ಕ್ಯಾಥೊಲಿಕ್ ಧಾರ್ಮಿಕ ಸಂಘವನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲಾರದು. 1548ರಲ್ಲಿ ಪೋಪರ ಒಪ್ಪಿಗೆ ಪಡೆದ ಅವರ ಆಧ್ಯಾತ್ಮಿಕ ಸಾಧನೆಗಳ ಕೈಪಿಡಿಯಲ್ಲಿ ಸ್ಪಷ್ಟ ನಿಯಮವಿದೆ: ಮನಸ್ಸು ಬರಡಾಗಿರುವಾಗ ಮೊದಲಿನ ನಿರ್ಧಾರ ಬದಲಿಸಬೇಡಿ. ಚಿತ್ರಕಾರರಿಗೆ ಇದನ್ನು ಹೀಗೆ ಹೇಳಬಹುದು: ಬೇಸರದ ಸಂಜೆ ಮುಖ ಕೆರೆದು ಹಾಕಬೇಡಿ. ಹಲಗೆಗೆ ಬಟ್ಟೆ ಮುಚ್ಚಿ, ಮರುದಿನದ ಬೆಳಕಿನಲ್ಲಿ ನೋಡಿ. ಕೆಲಸ ಪೂರ್ತಿ ನಿಲ್ಲಿಸುವುದೂ ಬೇಡ. ಬಣ್ಣ ಅರೆಯುವುದು, ಅಂಚು ಉಜ್ಜುವುದು ಅಂಥ ದಿನಕ್ಕೆ ಸರಿ.

ಅದೇ ಕೈಪಿಡಿ ಕಲ್ಪನೆಯನ್ನೂ ಪಳಗಿಸುತ್ತದೆ. ಕ್ರಿಸ್ತಜನನದ ಧ್ಯಾನದಲ್ಲಿ ನಜರೇತಿನಿಂದ ಬೆತ್ಲೆಹೇಮಿಗೆ ಹೋಗುವ ದಾರಿ ಎಷ್ಟು ಉದ್ದ, ಎಷ್ಟು ಅಗಲ, ಬಯಲೋ ಗುಡ್ಡವೋ, ಗವಿ ಎಷ್ಟು ತಗ್ಗು ಎಂದು ಕಣ್ಣಾರೆ ಕಾಣಬೇಕು. ನಂತರ ಕೇಳುವುದು, ಮೂಸುವುದು, ಮುಟ್ಟುವುದು. ಸ್ಕೆಚ್ ಹಾಕುವ ಮೊದಲು ಅರ್ಧ ಗಂಟೆ ಹೀಗೆ ಕೂತರೆ ಯಾರು ಎಲ್ಲಿ ನಿಂತಿದ್ದಾರೆ ಎನ್ನುವುದು ತಾನಾಗಿ ಇತ್ಯರ್ಥವಾಗುತ್ತದೆ.

ನಿಮ್ಮೂರಲ್ಲೇ ಉದಾಹರಣೆ ಇದೆ. ಸಂತ ಅಲೋಶಿಯಸ್ ಚಾಪೆಲ್‌ನ ಚಿತ್ರಗಳನ್ನು ಬರೆದ ಆಂತೋನಿಯೊ ಮೊಸ್ಕೇನಿ (1854–1905) ಇಟಲಿಯ ಬೆರ್ಗಾಮೊದಲ್ಲಿ ಕಲಿತ ಚಿತ್ರಕಾರ. 1889ರಲ್ಲಿ ಯೇಸುಸಭೆ ಸೇರಿ, ಗುರುಪಟ್ಟವಿಲ್ಲದೆ ಸಹೋದರನಾಗಿಯೇ ಉಳಿದು, ಆಮೇಲೆ ಮಂಗಳೂರಿಗೆ ಬಂದವರು. ಯೇಸುಸಭೆಯವರಿಗೆ ದಿನಕ್ಕೆರಡು ಸಲ ಆತ್ಮಶೋಧನೆ ಕಡ್ಡಾಯ: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ಗಂಟೆ ಗಂಟೆಯ ಲೆಕ್ಕ, ಕ್ಷಮೆ, ಮುಂದಿನ ಸಂಕಲ್ಪ. ಗೋಡೆಯ ಫ್ರೆಸ್ಕೊ ಕೆಲಸಕ್ಕೆ ಇದಕ್ಕಿಂತ ಒಪ್ಪುವ ದಿನಚರಿ ಇಲ್ಲ. ನಿಜವಾದ ಫ್ರೆಸ್ಕೊದಲ್ಲಿ ಬೆಳಿಗ್ಗೆ ಆ ದಿನಕ್ಕೆ ಬೇಕಾದಷ್ಟೇ ಸುಣ್ಣದ ಗಾರೆ ಮೆತ್ತಿ, ಅದು ಹಸಿಯಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಲ್ಲಾಗುತ್ತಾ ಬಣ್ಣವನ್ನು ಒಳಗೆ ಬಂಧಿಸುತ್ತದೆ. ಆಮೇಲೆ ತಿದ್ದುವುದೆಂದರೆ ಆ ಭಾಗವನ್ನು ಕೆತ್ತಿ ತೆಗೆಯುವುದೇ. ತನ್ನ ಕೈಯಿಂದ ಇವತ್ತು ಎಷ್ಟಾದೀತು ಎಂದು ಪ್ರಾಮಾಣಿಕವಾಗಿ ಅಳೆಯದವನು ಸಂಜೆ ಒಣ ಗಾರೆಯ ಮೇಲೆ ಬಣ್ಣ ಬಳಿಯುತ್ತಾನೆ, ಅದು ಉದುರುತ್ತದೆ.

ಕೀಲಿಮಣೆ:

ಒಂದು ಎಚ್ಚರಿಕೆ ಸೇರಿಸುತ್ತೇನೆ. ಜರ್ಮನಿಯ ಸಂಗೀತ ರಚನಕಾರ ಬಾಖ್ ಹಸ್ತಪ್ರತಿಗಳ ತಲೆಯಲ್ಲಿ "ಯೇಸುವೇ, ನೆರವಾಗು" ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರ ಜೆ.ಜೆ., ಕೊನೆಯಲ್ಲಿ "ದೇವರಿಗೆ ಮಾತ್ರ ಮಹಿಮೆ" ಎಂಬುದರ ಎಸ್.ಡಿ.ಜಿ. ಎಂದು ಬರೆಯುತ್ತಿದ್ದ. ಆದರೆ ಆ ಎರಡು ಗುರುತುಗಳ ನಡುವಿನ ಕೌಂಟರ್‌ಪಾಯಿಂಟ್ (ಹಲವು ರಾಗಗಳನ್ನು ಒಟ್ಟಿಗೆ ಹೆಣೆಯುವ ಕಲೆ) ಅವನು ದುಡಿದು ಗಳಿಸಿದ್ದು. 1723ರಲ್ಲಿ ಲೈಪ್‌ಜಿಗ್‌ಗೆ ಬಂದ ಮೇಲಿನ ಮೊದಲ ವರ್ಷಗಳಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಕ್ಯಾಂಟಾಟ (ಚರ್ಚಿನಲ್ಲಿ ವಾದ್ಯಗಳೊಡನೆ ಹಾಡುವ ಕೃತಿ) ಬೇಕಿತ್ತು. ಭಾವ ಬರಲಿ ಎಂದು ಕಾಯಲು ವ್ಯವಧಾನವೇ ಇರಲಿಲ್ಲ. ಭಕ್ತಿ ಇದೆಯೆಂದು ಲೇಪದ ಅಳತೆ ತಪ್ಪಿಸುವುದು ಭಕ್ತಿಗೂ ಒಳ್ಳೆಯದಲ್ಲ. ಪ್ರಾರ್ಥನೆಯ ಸುಖವನ್ನೇ ಚಿತ್ರದ ಗುಣವೆಂದು ತಿಳಿಯುವುದು ಇನ್ನೂ ಅಪಾಯ. ಚಿತ್ರವನ್ನು ಕನ್ನಡಿಯಲ್ಲಿ ತಿರುಗಿಸಿ ನೋಡಿ: ಕಣ್ಣು ಸೊಟ್ಟಗಿದ್ದರೆ ಸೊಟ್ಟಗೇ ಕಾಣುತ್ತದೆ.

ಕಡಲತಡಿ_ಕುಂಚ:

ಮೂವರಿಗೂ ವಂದನೆ. ಸಂತರ ಹೆಸರನ್ನು ಐಕಾನ್ ಮೇಲೆ ಕನ್ನಡದಲ್ಲಿ ಬರೆಯಬಹುದೇ?

ಹಲಗೆ_ಮತ್ತು_ಸೀಮೆಸುಣ್ಣ:

ಖಂಡಿತ. ಹೆಸರಿಲ್ಲದೆ ಐಕಾನ್ ಪೂರ್ಣವಲ್ಲ, ಆದರೆ ಭಾಷೆ ಆಯಾ ಜನರದು. ಅರಬ್ಬಿಯಲ್ಲೂ ಸ್ಲಾವೋನಿಕ್‌ನಲ್ಲೂ ಬರೆದಿದ್ದಾರೆ. ಕ್ರಿಸ್ತನ ಪ್ರಭಾವಳಿಯ ಶಿಲುಬೆಯೊಳಗಿನ ಮೂರು ಗ್ರೀಕ್ ಅಕ್ಷರಗಳನ್ನು ಮಾತ್ರ ಹಾಗೇ ಉಳಿಸುವುದು ವಾಡಿಕೆ. ಒತ್ತಕ್ಷರಕ್ಕೆ ಜಾಗ ಮೊದಲೇ ಬಿಡಿ: "ಕ್ರಿಸ್ತ" ಎಂದು ಬರೆಯಲು ಅಕ್ಷರದೆತ್ತರದ ಒಂದೂವರೆ ಪಾಲು ಬೇಕು, ಇಲ್ಲದಿದ್ದರೆ ಒತ್ತು ಪ್ರಭಾವಳಿಯ ಚಿನ್ನಕ್ಕೆ ತಾಗುತ್ತದೆ. ಕೆಂಪು ಮಣ್ಣಿನ ಬಣ್ಣಕ್ಕೆ ನೀರು ತುಸು ಹೆಚ್ಚಿಡಿ, ತುದಿ ಸೇರುವ 1ನೇ ನಂಬರಿನ ಕುಂಚ ಸಾಕು. ಕೊನೆಗೆ ಚಿತ್ರದ ಮೇಲೆ ಲಿನ್ಸೀಡ್ (ಅಗಸೆ) ಎಣ್ಣೆ ಹಚ್ಚುವ ಮೊದಲೇ ಇದು ಮುಗಿದಿರಲಿ. ಎಣ್ಣೆಯ ಮೇಲೆ ಮೊಟ್ಟೆಬಣ್ಣ ನಿಲ್ಲುವುದಿಲ್ಲ.