ತವರು ಮಂಡ್ಯ, ಅತ್ತೆಮನೆ ಗದಗ: ಮೊದಲ ವರ್ಷದ ಹಬ್ಬಗಳಿಗೆ ಎಲ್ಲೆಲ್ಲಿ ಇರೋದು?

ಮಂಡ್ಯದೋಳು:

ಎಲ್ರಿಗೂ ನಮಸ್ಕಾರ. ಈ ಫೆಬ್ರವರೀಲಿ ನಮ್ ಮದುವೆ ಆಯ್ತು. ಇಬ್ರೂ ಬೆಂಗಳೂರಲ್ಲಿ ಕೆಲಸ, ಬಾಡಿಗೆ ಮನೆ. ನನ್ನ ತವರು ಮಂಡ್ಯ ಪಕ್ಕದ ಹಳ್ಳಿ, ಅವರದು ಗದಗ. ಲವ್ ಮ್ಯಾರೇಜು, ಆದ್ರೂ ಎರಡೂ ಮನೆಯವ್ರು ಒಪ್ಪಿ ಚೆನ್ನಾಗೇ ಮಾಡಿಕೊಟ್ರು, ಅದರಲ್ಲಿ ಏನೂ ಹೇಳೋ ಹಾಗಿಲ್ಲ. ತೊಂದ್ರೆ ಏನಿದ್ರೂ ಕ್ಯಾಲೆಂಡರ್‌ದೇ.

ಯುಗಾದಿಗೆ ನಮ್ಮೂರಿಗೆ ಹೋಗಿದ್ವಿ. ಅವರ ಮನೇಲಿ ಶುದ್ಧ ಸಸ್ಯಾಹಾರ, ನಮ್ಮಲ್ಲಿ ಯುಗಾದಿ ಮಾರನೇ ದಿನ ಹೊಸತೊಡಕಿಗೆ ಮಟನ್ ಇಲ್ಲ ಅಂದ್ರೆ ಹಬ್ಬಾನೇ ಮುಗ್ದಂಗಲ್ಲ. ಇಡೀ ಊರು ಘಮ್ ಅಂತಿದೆ, ಅಳಿಯ ಒಬ್ರೇ ಹಿಂದಿನ ದಿನದ ಒಬ್ಬಟ್ಟಿನ ಸಾರು ಅನ್ನ ಊಟ ಮಾಡ್ತಾ ಕೂತಿದ್ರು, ನಮ್ಮಮ್ಮಂಗೆ ಹೊಟ್ಟೆ ಉರೀತಿತ್ತು ಅಳಿಯಂಗೆ ಏನೂ ಬಡಿಸೋಕಾಗ್ತಿಲ್ಲವಲ್ಲ ಅಂತ. ಅವರು ಮಾತ್ರ ಮೂರು ಸಲ ಸಾರು ಹಾಕಿಸ್ಕೊಂಡ್ರು, ಅಷ್ಟು ಇಷ್ಟ ಆಯ್ತಂತೆ. ಅದು ಸರಿಹೋಯ್ತು.

ಆಮೇಲೆ ಅಧಿಕ ಮಾಸ ಬಂತು. ನಮ್ಮ ಕಡೆ ಅಧಿಕ ಮಾಸ ಅಂದ್ರೆ ಶುಭಕಾರ್ಯ ಇಲ್ಲ, ಅಷ್ಟೇ. ಗದಗಲ್ಲಿ ಅಳಿಯನ್ನ ಕರೆದು 33 ಅನಾರಸ (ಅಕ್ಕಿ ಬೆಲ್ಲದ ಕರಿದ ಸಿಹಿ) ಇಟ್ಟು ಬಾಗಿನ ಕೊಡ್ತಾರಂತೆ. ಅತ್ತೆ ಬಾಯಿಬಿಟ್ಟು ಕೇಳ್ಲಿಲ್ಲ, ಅಕ್ಕಪಕ್ಕದೋರು ಕೇಳಿದ್ರು ಅಂತ ಮಾತಿನ ಮಧ್ಯೆ ತೇಲಿಸಿ ಬಿಟ್ರು. ಅಪ್ಪನಿಗೆ ಫೋನ್ ಮಾಡಿ ಹೇಳಿದ್ರೆ "ಅನಾನಸ್ಸು ಅಷ್ಟೊಂದು ಯಾಕವ್ವಾ" ಅಂದ್ರು.

ಈಗ ಮುಂದಿನದು. ನಾಗರ ಪಂಚಮಿಗೆ ಹೆಣ್ಮಕ್ಕಳು ತವರಿಗೆ ಹೋಗಲೇಬೇಕಂತೆ, "ನಿಮ್ಮಣ್ಣ ಕರಿಯಾಕ ಯಾವಾಗ ಬರ್ತಾನ" ಅಂತ ಅತ್ತೆ ಈಗ್ಲೇ ಕೇಳ್ತಿದ್ದಾರೆ. ನಮ್ಮಲ್ಲಿ ಪಂಚಮಿ ದಿನ ಹುತ್ತಕ್ಕೆ ತನಿ ಎರೆದು ಒಲೆ ಮೇಲೆ ಹೆಂಚಿಡದೆ ಸುಮ್ಮನಿರ್ತೀವಿ, ತವರಿಗೆ ಹೋಗೋ ಹಬ್ಬ ಅಂದ್ರೆ ಗೌರಿ ಹಬ್ಬ. ಅಣ್ಣ ಬರ್ಲಿಲ್ಲ ಅಂದ್ರೆ ತವರಿನೋರು ಅಸಡ್ಡೆ ಮಾಡಿದ್ರು ಅಂತ ಅವ್ರಿಗೆ ಬೇಜಾರಾಗತ್ತೆ, ಗೌರಿಗೆ ನಾನು ಹೋಗ್ಲಿಲ್ಲ ಅಂದ್ರೆ ಅಮ್ಮ ಅಳ್ತಾರೆ. ದೀಪಾವಳಿದು ಇನ್ನೂ ದೊಡ್ಡ ತಲೆನೋವು. ಮೊದಲ ದೀಪಾವಳಿ ಅಳಿಯಂಗೆ ಮಾವನ ಮನೇಲಿ, ಅಂದ್ರೆ ನಮ್ಮ ತವರಲ್ಲಿ, ಅದಕ್ಕೆ ಎರಡೂ ಕಡೆಯವ್ರ ಒಪ್ಪಿಗೆ ಇದೆ. ಆದ್ರೆ ಗದಗಲ್ಲಿ ಮಾವನವರದು ಕಿರಾಣಿ ಅಂಗಡಿ, ಲಕ್ಷ್ಮೀ ಪೂಜೆಗೆ ಈ ಸಲ ನಾವಿಬ್ರೂ ಜೋಡಿ ಕೂರಬೇಕು ಅನ್ನೋದು ಅವರಾಸೆ.

ಇದರ ಮಧ್ಯೆ ನಮಗೂ ಒಂದಷ್ಟು ಆಸೆ ಇದೆ. ಎಲ್ಲಾದ್ರೂ ನಾವಿಬ್ರೇ ಹೋಗಿಬರಬೇಕು, ದುಡ್ಡು ಕೂಡಿಟ್ಟು ಹುಬ್ಬಳ್ಳೀಲೋ ಮೈಸೂರಲ್ಲೋ ಒಂದು ಸೈಟು ತಗೋಬೇಕು (ಎಲ್ಲಿ ಅನ್ನೋದು ಬೇರೇನೇ ಜಗಳ), ಎರಡು ವರ್ಷ ಬಿಟ್ಟು ಮಗು. ಸಿಗೋ ರಜೆ ದುಡ್ಡು ಎಲ್ಲಾ ಬಸ್ಸು ರೈಲಿಗೇ ಹೋಗ್ತಿದ್ರೆ ಇದೆಲ್ಲಾ ಯಾವಾಗ? ಹಿಂಗೆ ಎರಡು ಸೀಮೆಯೋರು ಮದುವೆಯಾದೋರು ಇಲ್ಲಿದ್ರೆ ಹೇಗೆ ನಿಭಾಯಿಸಿದ್ರಿ ಹೇಳಿ ಪ್ಲೀಸ್.

ಹುಬ್ಬಳ್ಳಿ ಮಂದಿ:

ಅಕ್ಕಾರ, ಮೊದ್ಲ ಪಂಚಮಿ ಸುದ್ದಿ ಹೇಳತೇನ್ರಿ. ನಮ್ಮ ಕಡೆ ಹೆಣ್ಮಕ್ಕಳಿಗೆ ದೀಪಾವಳಿಕಿಂತ ದೊಡ್ಡ ಹಬ್ಬ ಅದು. ಅಣ್ಣ ಕರಿಯಾಕ ಬರೂದು ಅಂದ್ರ ಸುಮ್ಮನ ಡ್ರೈವರ್ ಬಂದಂಗ ಅಲ್ರಿ, ನಮ್ಮ ಮನಿ ಮಗಳನ್ನ ನಾವು ಮರ್ತಿಲ್ಲ ಅಂತ ಓಣಿಗೆಲ್ಲಾ ತೋರಿಸೂದು. ಅದಕ್ಕ ನಿಮ್ಮ ಅತ್ತಿಯವರು ಕೇಳೂದು, ಸೊಸಿನ್ನ ಕಳಿಸಿಬಿಡೂಣು ಅಂತಲ್ಲ, ನಾಕು ಮಂದಿ ಮುಂದ ಸೊಸಿ ಮಾನ ಉಳೀಲಿ ಅಂತ.

ಈಗ ತಾರೀಕು ನೋಡ್ರಿ. ಈ ವರ್ಷ ಪಂಚಮಿ ಆಗಸ್ಟ್ 17 ಸೋಮವಾರ. 15 ಶನಿವಾರ, 16 ಆಯ್ತವಾರ. ಒಂದ ಒಂದು ರಜಾ ಹಾಕಿದ್ರ ಮೂರು ದಿನ. ಆಷಾಢ ಆಗಸ್ಟ್ 12ಕ್ಕ ಮುಗೀತದ, ಅತ್ತಿ ಸೊಸಿ ಒಂದ ಹೊಸ್ತಿಲ ದಾಟಬಾರದು ಅನ್ನೂ ಗೊಡವಿನೂ ಇಲ್ಲ. ನಿಮ್ಮ ತವರಾಗ ಪಂಚಮಿ ಇಲ್ಲಂದ್ರ ನೀವು ಅಲ್ಲಿಗೆ ಹೋಗಿ ಏನ ಮಾಡ್ತೀರಿ? ಅದರ ಬದ್ಲಿ ನಿಮ್ಮಣ್ಣನ್ನ ಗದಗಿಗೆ ಕರ್ಕೊಂಡು ಹೋಗ್ರಿ. ಬರೂದಂತೂ ಬರ್ತಾನ, ಕರಿಯಾಕ ಬರೂ ಬದ್ಲಿ ಜೋಕಾಲಿ ಜೀಕಾಕ ಬರ್ಲಿ. ರೊಟ್ಟಿ ಪಂಚಮಿ ದಿನ ಕಟಕ್ ರೊಟ್ಟಿ, ನಾಕೈದು ನಮೂನಿ ಪಲ್ಯ, ಶೇಂಗಾ ಚಟ್ನಿ ಎಲ್ಲಾ ಒಂದ ತಾಟಿನ್ಯಾಗ ಹಾಕ್ಕೊಂಡು ಮನಿ ಮನಿಗೆ ಕೊಟ್ಟು ಬರ್ತಾರ, ಅವರ ಮನಿವು ನಮ್ಮನಿಗೆ ಬರತಾವ, ಸಂಜಿ ಅನ್ನೂದ್ರಾಗ ಯಾರ ಮನಿ ರೊಟ್ಟಿ ಯಾವುದು ಅನ್ನೂದ ತಿಳಿಯೂದಿಲ್ಲ. ಆಮ್ಯಾಲ ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ಡಾಣಿ ಉಂಡಿ, ರವಾ ಉಂಡಿ, ಬೇಸನ್ ಉಂಡಿ. ಮಂಡ್ಯಾದಾಂವ ಒಮ್ಮೆ ತಿಂದ್ನಂದ್ರ ಮುಂದಿನ ವರ್ಷ ಕರೀದಿದ್ರೂ ಬರ್ತಾನ.

ಹೋಗೂಮುಂದ ಅವನ ಕೈಯಾಗ ಅತ್ತಿಯವರಿಗೊಂದು ಸೀರಿ ಕೊಡಸ್ರಿ, ಮಾತ ಮುಗೀತು.

ನೇರ ಮಾತು:

ಓದಿದವರು ಹೀಗೆಲ್ಲಾ ತಲೆ ಕೆಡಿಸ್ಕೊಳ್ಳೋದು ನೋಡಿದ್ರೆ ಆಶ್ಚರ್ಯ ಆಗತ್ತೆ. ಇಬ್ರೂ ದುಡೀತಿದ್ದೀರಾ, ಮನೆ ನಿಮ್ದು, ಹಬ್ಬ ಬೆಂಗಳೂರಲ್ಲೇ ಮಾಡಿ, ಬೇಕಾದವ್ರು ಬರಲಿ. ಹಬ್ಬದ ಟೈಮಲ್ಲಿ ಪ್ರೈವೇಟ್ ಬಸ್ಸವ್ರು ಮೂರು ಪಟ್ಟು ರೇಟ್ ಮಾಡ್ತಾರೆ, ಆ ದುಡ್ಡಲ್ಲಿ ಆರಾಮಾಗಿ ಒಂದು ಟ್ರಿಪ್ ಆಗತ್ತೆ. ಮೊದಲ ವರ್ಷ ಎಲ್ಲದಕ್ಕೂ ಹ್ಞೂಂ ಅಂದ್ರೆ ಎರಡನೇ ವರ್ಷ ಅದೇ ಪದ್ಧತಿ ಆಗತ್ತೆ, ಆಮೇಲೆ ಬಿಡೋಕಾಗಲ್ಲ. ಈಗ್ಲೇ ಹೇಳಿಬಿಡಿ.

ಹುಬ್ಬಳ್ಳಿ ಮಂದಿ:

ಬಾಡಿಗಿ ಮನಿ ಅಂತ ಅವರ ಬರದಾರಲ್ರಿ ಸರ, ಎರಡು ಖೋಲೇದಾಗ ಎರಡೂ ಬಳಗ ಎಲ್ಲಿ ಹಿಡಿಸೂದು? ಆಮ್ಯಾಲ ಕಿರಾಣಿ ಅಂಗಡಿಯವ್ರು ದೀಪಾವಳಿಗೆ ಶಟರ್ ಎಳದು ಬೆಂಗಳೂರಿಗೆ ಬರೂದು ಆಗೂ ಮಾತಾ?

ಕುವೆಂಪುನಗರ ಆಂಟಿ:

ನಾನು ಮೈಸೂರಿನವಳು, ಮದುವೆಯಾಗಿ ಬೆಳಗಾವಿಗೆ ಹೋದವಳು, ನಮ್ಮವರು ರಿಟೈರ್ ಆದಮೇಲೆ ಮತ್ತೆ ಮೈಸೂರಿಗೆ ಬಂದಿದ್ದೀವಿ. ಹಾಗಾಗಿ ಸ್ವಲ್ಪ ಉದ್ದ ಬರೀತೀನಮ್ಮಾ, ಬೇಜಾರ್ ಮಾಡ್ಕೋಬೇಡ.

ಈ ಸಲ ನಿಮ್ಮನೆ, ಮುಂದಿನ ಸಲ ನಮ್ಮನೆ ಅಂತ ಸಮ ಸಮ ಹಂಚೋಕೆ ಮಾತ್ರ ಹೋಗಬೇಡ. ಕೇಳೋಕೆ ಚೆನ್ನಾಗಿರತ್ತೆ, ಆದ್ರೆ ಯಾರಿಗೂ ತೃಪ್ತಿ ಆಗಲ್ಲ. ಪಂಚಮೀಲಿ ನೀನು ಮಂಡ್ಯದಲ್ಲಿ ಕೂತ್ರೆ ನಿಮ್ಮಮ್ಮನಿಗೆ ಅದೇನು ಅಷ್ಟು ದೊಡ್ಡ ಸಂತೋಷ ಅಲ್ಲ, ಅದೇ ಗೌರಿ ದಿನ ಗದಗಲ್ಲಿದ್ರೆ ನಿಮ್ಮತ್ತೆಗೂ ಅಷ್ಟೇ. ಯಾವ ಹಬ್ಬ ಎಲ್ಲಿ ಜೋರೋ ಅದನ್ನ ಅಲ್ಲಿಗೆ ಬಿಟ್ಟುಬಿಡು. ಪಂಚಮಿ, ದಸರಾ ಬನ್ನಿ, ಎಳ್ಳಮಾವಾಸ್ಯೆ ಗದಗಿಂದು. ಬನ್ನಿ ಕೊಟ್ಟು "ಬಂಗಾರದಂಗ ಇರೋಣು" ಅಂತ ಓಣಿ ತುಂಬಾ ಓಡಾಡೋದು, ಹೊಲಕ್ಕೆ ಹೋಗಿ ಚರಗ (ಭೂಮಿತಾಯಿಗೆ ಎಡೆ) ಚೆಲ್ಲಿ ಅಲ್ಲೇ ಬುತ್ತಿ ಬಿಚ್ಚಿ ಊಟ ಮಾಡೋದು, ಇವೆಲ್ಲಾ ನಮ್ಮ ಕಡೆ ಇಲ್ಲವೇ ಇಲ್ಲ. ಗೌರಿ, ಯುಗಾದಿ ಹೊಸತೊಡಕು, ಸಂಕ್ರಾಂತೀಲಿ ಹಸು ಎತ್ತು ಕಿಚ್ಚು ಹಾಯಿಸೋದು ನಿಮ್ಮದು. ಎಲ್ಲಾ ಒಂದೇ ವರ್ಷ ಆಗಲ್ಲ, ಆಗೋದೂ ಬೇಡ.

ಗೌರಿಗೆ ಮಾತ್ರ ಮೊದಲ ವರ್ಷ ತಪ್ಪಿಸಬೇಡ. ಈ ಸಲ ಗಣೇಶನ ಹಬ್ಬ ಸೆಪ್ಟೆಂಬರ್ 14, ಅದೂ ಸೋಮವಾರವೇ. ನಮ್ಮನೇಲಿ ಮದುವೆಯಾದ ವರ್ಷ 16 ಜೊತೆ ಮರದ (ಮೊರದ) ಬಾಗಿನ ಕೊಡಿಸ್ತಾರೆ, ಆಮೇಲಿಂದ ಐದು. ನಿಮ್ಮನೆ ಪದ್ಧತಿ ಅಮ್ಮನ್ನ ಕೇಳು. ಅದರಲ್ಲಿ ಒಂದು ಮರ ಅತ್ತೆಗೆ ಅಂತ ತೆಗೆದಿಟ್ಟು ನೀನೇ ಕೈಯಾರೆ ಕೊಡು. ನನ್ನತ್ತೆಗೆ ಬಾಗಿನದ ಮರ ಅಂದ್ರೆ ಗೊತ್ತಿರಲಿಲ್ಲ, "ಇದ್ರಾಗ ಬ್ಯಾಳಿ ಅಕ್ಕಿ ಯಾಕ ಇಟ್ಟೀರಿ, ನಮ್ಮ ಮನ್ಯಾಗ ಇಲ್ಲೇನು" ಅಂದಿದ್ರು. ಆಮೇಲೆ ಬಳೆ, ಕರಿಮಣಿ, ಬಾಚಣಿಗೆ, ಪುಟ್ಟ ಕನ್ನಡಿ ಒಂದೊಂದೇ ತೆಗೆದು ನೋಡಿ, ಆ ಕನ್ನಡೀನ ದೇವರ ಗೂಡಲ್ಲಿ ಇಟ್ಕೊಂಡ್ರು. ಮುಂದಿನ ವರ್ಷ ಶ್ರಾವಣ ಬರೋ ಮುಂಚೇನೇ ಮರ ತರಿಸಿದೀಯಾ ಅಂತ ಅವರೇ ಕೇಳಿದ್ರು.

ಇನ್ನೊಂದು, ಒಂದೆರಡು ಹಬ್ಬ ನಿಮ್ಮಿಬ್ಬರದೇ ಅಂತ ಬೆಂಗಳೂರಲ್ಲಿ ಇಟ್ಕೊಳ್ಳಿ. ಭೀಮನ ಅಮಾವಾಸ್ಯೆ ಆಗಸ್ಟ್ 12 ಬುಧವಾರ, ಯಾರೂ ರಜ ಹಾಕಬೇಕಿಲ್ಲ. ಬೆಳಗ್ಗೆ ಗಂಡನ ಪಾದಪೂಜೆ (ಅವನು ನಾಚಿಕೊಳ್ತಾನೆ, ಬಿಡಬೇಡ, ಕಾಣಿಕೆ ಜೋರಾಗಿ ಕಿತ್ಕೊ), ಸಂಜೆ ಅಣ್ಣ ಬಂದು ಹೊಸ್ತಿಲ ಮೇಲೆ ಭಂಡಾರ ಒಡೀಲಿ. ಕಡುಬಿನೊಳಗೆ ದುಡ್ಡಿಟ್ಟಿರ್ತೀಯಲ್ಲ, ಮೊಣಕೈಲಿ ಗುದ್ದಿ ಒಡೀಬೇಕು, ಜಾಸ್ತಿ ಬೇಯಿಸಿದ್ರೆ ಚಪ್ಪಟೆ ಆಗತ್ತೆ, ಕಮ್ಮಿ ಬೇಯಿಸಿದ್ರೆ ಅಣ್ಣನ ಮೊಣಕೈ ಹೋಗತ್ತೆ! ಮೂರು ದಿನ ಬಿಟ್ಟು ಅದೇ ಅಣ್ಣ ನಿಮ್ಮ ಜೊತೆ ಗದಗಿಗೆ ಹೊರಡಬಹುದು, ಹುಬ್ಬಳ್ಳಿಯವರ ಐಡಿಯಾ ನನಗೆ ಬಹಳ ಹಿಡಿಸ್ತು. ಸಂಕ್ರಾಂತಿಗೆ ಹೊಸ ಮದುವಣಗಿತ್ತಿ ಮುತ್ತೈದೆಯರಿಗೆ ಬಾಳೆಹಣ್ಣು ಕೊಡೋದಿದೆ, ಅದನ್ನೂ ನಿಮ್ಮ ಬಿಲ್ಡಿಂಗಲ್ಲೇ ಮಾಡು, ಐದು ವರ್ಷ ವರ್ಷಕ್ಕೆ ಐದೈದು ಹೆಚ್ಚಿಸ್ತಾ ಹೋಗಬೇಕು. ಅಕ್ಕಪಕ್ಕದೋರ ಪರಿಚಯ ಆಗೋಕೆ ಇದಕ್ಕಿಂತ ಸುಲಭ ದಾರಿ ಇಲ್ಲ. ನಾಳೆ ಮಗು ಆದ್ರೆ ಬೇಕಾಗೋದು ಅವರೇ ತಾನೇ.

ಫ್ರಾಂಕ್‌ಫರ್ಟ್ ಕನ್ನಡಿಗ:

ನಿಮ್ಮ ಜಗಳ ಓದಿ ಹೊಟ್ಟೆಕಿಚ್ಚಾಯ್ತು, ಸೀರಿಯಸ್ಸಾಗಿ. ಇಲ್ಲಿ ಯುಗಾದಿ ಯಾವ ವಾರ ಬಂದ್ರೂ ಸಂಘದವ್ರು ಮಾಡೋದು ಶನಿವಾರವೇ, ಹಾಲ್ ಸಿಗಬೇಕಲ್ಲ. ಬಾಳೆಎಲೆ ಏಷ್ಯನ್ ಅಂಗಡೀಲಿ ಫ್ರೋಜನ್ ತಂದು ಬಿಸಿನೀರಲ್ಲಿ ಅದ್ದಿ ಬಿಡಿಸ್ತೀವಿ. ನಾವೂ ಹೆಂಡತಿ ಉಡುಪಿ, ನಾನು ಚಿತ್ರದುರ್ಗ, ಯಾರೂ ಕರಿಯಲ್ಲ, ಯಾರಿಗೂ ಬೇಜಾರಿಲ್ಲ. ನೇರ ಮಾತು ಅವರು ಹೇಳೋ ಫ್ರೀಡಂ ಇದೇ ಆದ್ರೆ, ನಾಲ್ಕು ವರ್ಷ ನೋಡಿದೀನಿ, ಅಂಥಾ ಮಜಾ ಏನಿಲ್ಲ ಗುರು.

ನೇರ ಮಾತು:

ಊರು ಬಿಟ್ಟು ಹೋಗಿ ಅಂತ ನಾನೆಲ್ಲಿ ಹೇಳ್ದೆ? ಲಿಮಿಟ್ ಹಾಕ್ಕೊಳಿ ಅಂದೆ. ಅವ್ರೇ ಕೇಳಿರೋದು ಸೈಟು ಟ್ರಿಪ್ಪು ಎಲ್ಲಾ ಯಾವಾಗ ಅಂತ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ ನೋಡಿ. ಎಲ್ಲಾ ಉಂಡೆ ಕಡುಬಲ್ಲೇ ಇದಾರೆ.

ಹುಬ್ಬಳ್ಳಿ ಮಂದಿ:

ಅದು ಖರೇನ ಐತಿ, ಒಪ್ಪಿದೆ. ಹಂಗಾರ ಕೇಳ್ರಿ.

ದೀಪಾವಳಿ: ನವೆಂಬರ್ 8 ಆಯ್ತವಾರ ನರಕ ಚತುರ್ದಶಿ, ಅಂದ ಸಂಜಿಕ ಅಮಾಸಿ ಪೂಜಿ, 10 ಮಂಗಳವಾರ ಪಾಡ್ಯ. ನಮ್ಮ ಕಡೆ ಭಾಳ ಅಂಗಡಿಯವ್ರು ಪಾಡ್ಯದ ದಿನಾನೂ ಪೂಜಿ ಮಾಡ್ತಾರ. ಮಾವನವ್ರನ್ನ ಕೇಳ್ರಿ, ಜೋಡಿ ಕೂಡೂದು ಪಾಡ್ಯಕ್ಕ ಇಟ್ಕೊಳ್ಳೂಣೇನ್ರಿ ಅಂತ. ಆಯ್ತವಾರ ಮಂಡ್ಯಾದಾಗ ಅಳಿಯಾಗ ಎಣ್ಣಿ ಸ್ನಾನ, ಸೋಮವಾರ ಗಾಡಿ ಹತ್ತೂದು, ಮಂಗಳವಾರ ಮುಂಜಾನೆ ಗದಗ. ಗೋಲಗುಂಬಜ್ ಎಕ್ಸ್‌ಪ್ರೆಸ್ ಮೈಸೂರಿಂದ ಹೊಂಟು ನೆಟ್ಟಗ ಗದಗಿಗೆ ಹೋಗತೈತಿ. ಈಗ ರಿಸರ್ವೇಶನ್ 60 ದಿನ ಮೊದ್ಲ ಅಷ್ಟ ಓಪನ್ ಆಗೂದು, ಮೊದ್ಲಿನಂಗ 120 ಇಲ್ಲ. ನವೆಂಬರ್ 9ರದ್ದು ಸೆಪ್ಟೆಂಬರ್ 10ಕ್ಕ ಮುಂಜಾನೆ ಎಂಟಕ್ಕ ತಗೀತದ, ಅಲಾರಂ ಇಟ್ಕೊಳ್ರಿ, ಪ್ರೈವೇಟ್ ಬಸ್ಸಿನ ಗೋಳ ಬ್ಯಾಡ.

ಟ್ರಿಪ್: ಬನಶಂಕರಿ ಜಾತ್ರಿ ನೋಡೀರೇನು? ತೇರು ಎಳಿಯೂ ಬನದ ಹುಣ್ಣಿಮಿ 2027ರ ಜನವರಿ 22 ಶುಕ್ರವಾರ, 26 ಮಂಗಳವಾರ ಗಣರಾಜ್ಯೋತ್ಸವ. ಎರಡು ರಜಾ ಹಾಕಿದ್ರ ಐದು ದಿನ. ಗದಗಿನಿಂದ ಬಾದಾಮಿ ದೂರಿಲ್ಲ. ನಿಮ್ಮ ತಂದಿ ತಾಯಿನ್ನೂ ಅವಾಗ ಕರಸ್ರಿ, ಬೀಗರು ಬೀಗರು ಕೂಡೇ ತೇರು ನೋಡ್ಲಿ, ರಾತ್ರಿ ಕಂಪನಿ ನಾಟಕಕ್ಕ ಕೂಡ್ಲಿ. ಮಂಡ್ಯಾದವ್ರಿಗೆ ನಾಟಕದ ಹುಚ್ಚು ಕಡಿಮಿ ಏನಲ್ಲ. ಹಿರಿಯಾರನ್ನ ಅಲ್ಲೇ ಬಿಟ್ಟು ನೀವಿಬ್ರು ಬಾದಾಮಿ ಗುಹಾ, ಅಗಸ್ತ್ಯ ತೀರ್ಥ, ಪಟ್ಟದಕಲ್ಲು ಅಡ್ಡಾಡ್ರಿ. ಹಬ್ಬಾನೂ ಆತು, ಟ್ರಿಪ್ಪೂ ಆತು.

ಸೈಟು ಹುಬ್ಬಳ್ಳಿದಾಗ ತಗೋರಿ. ಇದರಾಗ ಚರ್ಚಾ ಇಲ್ಲ.

ಕುವೆಂಪುನಗರ ಆಂಟಿ:

ಮೈಸೂರಲ್ಲಿ ತಗೋಮ್ಮಾ. ಅವರ ಮಾತು ಕೇಳಬೇಡ.

ಮಂಡ್ಯದೋಳು:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಪ್ರೀತಿಯಿಂದ ಬರೀತೀರಾ ಅಂದ್ಕೊಂಡಿರ್ಲಿಲ್ಲ. ರಾತ್ರಿ ಇಬ್ರೂ ಕೂತು ಪೂರ್ತಿ ಓದಿದ್ವಿ. ಅಣ್ಣನಿಗೆ ಫೋನ್ ಮಾಡಿದೆ, ಉಂಡೆ ಲಿಸ್ಟ್ ಓದಿ ಹೇಳಿದ್ಮೇಲೆ ಬರ್ತೀನಿ ಅಂದ, ಸೀರೆ ನೀನೇ ತಗೋ ನಂಗೆ ಆ ಬಣ್ಣ ಎಲ್ಲಾ ಗೊತ್ತಾಗಲ್ಲ ಅಂದ. ಅತ್ತೆಗೆ ಹೇಳಿದ್ರೆ ಒಂದು ನಿಮಿಷ ಸುಮ್ಮನಿದ್ದು "ಜೋಕಾಲಿ ಹಗ್ಗ ಹೊಸಾದು ತರಸಬೇಕು ಹಂಗಾದ್ರ, ನಿಮ್ಮಣ್ಣ ದಪ್ಪ ಅದಾನ" ಅಂದ್ರು. ಪಾಡ್ಯಕ್ಕೆ ಪೂಜೆ ಬಗ್ಗೆ ಮಾವ ಭಟ್ಟರನ್ನ ಕೇಳಿ ಹೇಳ್ತೀನಿ ಅಂದಿದ್ದಾರೆ, ಅದಿನ್ನೂ ಪಕ್ಕಾ ಇಲ್ಲ. ಬನಶಂಕರಿ ಜಾತ್ರೆಗೆ ನಮ್ಮಪ್ಪ ಈಗ್ಲೇ ರೆಡಿ, ನಾಟಕ ಅಂದ್ರೆ ಸಾಕು ಅವ್ರಿಗೆ. ನಾವಿಬ್ರೇ ಹೋಗೋ ಟ್ರಿಪ್ಪು ಅದರಲ್ಲಿ ಎಷ್ಟರಮಟ್ಟಿಗೆ ನಾವಿಬ್ರೇ ಆಗಿರತ್ತೋ ಗೊತ್ತಿಲ್ಲ, ಅದಕ್ಕೇ ಡಿಸೆಂಬರಲ್ಲಿ ಒಂದು ವೀಕೆಂಡ್ ಯಾರಿಗೂ ಹೇಳದೆ ಸಕಲೇಶಪುರ ಅಂತ ಬರೆದಿಟ್ಕೊಂಡಿದೀವಿ. ಇದು ಮಾತ್ರ ನೇರ ಮಾತು ಅವರ ಕೋಟಾ.

ಒಂದೇ ಒಂದು ಉಳೀತು. ಅಧಿಕ ಮಾಸದ್ದು ಹೋಗೇಬಿಡ್ತಲ್ಲ, ಅದನ್ನ ಈಗ ಕೊಡಬಹುದಾ? ಅಮ್ಮ ಅನಾರಸ ಮಾಡೋದು ಕಲೀತೀನಿ ಅಂತಿದ್ದಾರೆ.

ಹುಬ್ಬಳ್ಳಿ ಮಂದಿ:

ಈಗ ಬರಂಗಿಲ್ರಿ, ಅಧಿಕದಾಗ ಕೊಟ್ಟರ ಅಷ್ಟ. ಮುಂದಿಂದು 2029ರ ಮಾರ್ಚ್‌ನ್ಯಾಗ, ಅಧಿಕ ಚೈತ್ರ. ಅನಾರಸಕ್ಕ ಅಕ್ಕಿ ಮೂರು ದಿನ ನೆನಿ ಇಟ್ಟು, ದಿನಾ ನೀರ ಬದ್ಲಿ ಮಾಡಿ, ನೆರಳಾಗ ಆರಿಸಿ, ಹಸಿ ಇದ್ದಾಗ ಬೀಸಿ ಬೆಲ್ಲ ಕಲಸಿ ಇಡಬೇಕು, ಗಸಗಸಿ ಮ್ಯಾಲ ತಟ್ಟಿ ಸಣ್ಣ ಉರಿಗೆ ಕರೀಬೇಕು, ಬೆಲ್ಲ ಹೆಚ್ಚಾತಂದ್ರ ಎಣ್ಣಿಯಾಗ ಬಿಚ್ಚಿ ಹೋಗತಾವ. ಎರಡೂವರಿ ವರ್ಷ ಟೈಮ್ ಐತಿ, ಅವ್ವಾರಿಗೆ ಈಗಿಂದ ಪ್ರಾಕ್ಟೀಸ್ ಚಾಲೂ ಮಾಡಾಕ ಹೇಳ್ರಿ. ಅಪ್ಪಾರಿಗೆ ಮಾತ್ರ ಅನಾನಸ್ ಅಲ್ಲ ಅಂತ ಒಮ್ಮೆ ಸರಿಯಾಗಿ ತಿಳಿಸಿ ಹೇಳ್ರಿ, ಇಲ್ಲಂದ್ರ 33 ಹಣ್ಣ ತಂದು ಅಂಗಡಿ ಮುಂದ ಇಳಿಸ್ತಾರ.