ಸಹಾಯ ಬೇಕು: ಬ್ಲೂ ರಗ್ ಜುನಿಪರ್ ತುದಿ ಒಣಗುತ್ತಿದೆ

ನಾವಿರುವುದು ನ್ಯೂಜೆರ್ಸಿಯಲ್ಲಿ. ಮನೆ ಮುಂದಿನ ಇಳಿಜಾರಿನಲ್ಲಿ ಹುಲ್ಲು ಕತ್ತರಿಸಿ ಸಾಕಾಗಿ, 3 ವರ್ಷದ ಹಿಂದೆ 9 ಬ್ಲೂ ರಗ್ ಜುನಿಪರ್ (ನೆಲಕ್ಕೇ ಹಬ್ಬುವ ನಿತ್ಯಹಸಿರು ಪೊದೆ) ನೆಟ್ಟೆವು, ಐದೈದು ಅಡಿ ಅಂತರದಲ್ಲಿ. ಅರ್ಧ ಅಡಿಯೂ ಮೇಲೇಳದೆ ಚಾಪೆ ಹಾಸಿದ ಹಾಗೆ ಹಬ್ಬಿತ್ತು. ಈಗ ಎರಡು ಗಿಡದಲ್ಲಿ ಹೊಸ ಚಿಗುರಿನ ತುದಿ ಮಾತ್ರ ಕಂದಾಗಿ ಒಣಗುತ್ತಿದೆ. ನುಸಿ ಇರಬಹುದು ಅಂತ ಬಿಳಿ ಹಾಳೆ ಹಿಡಿದು ಕೊಂಬೆ ತಟ್ಟಿ ನೋಡಿದೆ, ಓಡಾಡುವ ಚುಕ್ಕಿ ಒಂದೂ ಬೀಳಲಿಲ್ಲ. ಆದರೆ ಒಣಗಿದ ಭಾಗ ಹಸಿರಿಗೆ ಸೇರುವಲ್ಲಿ ಬೂದು ಪಟ್ಟಿ, ಅದರ ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು. ಫೋಮಾಪ್ಸಿಸ್ ಶಿಲೀಂಧ್ರ ಅಲ್ವಾ ಇದು? ಸ್ಪ್ರಿಂಕ್ಲರ್ ಸಂಜೆ ಹೊತ್ತು ಓಡಿ ಎಲೆ ರಾತ್ರಿಯಿಡೀ ಒದ್ದೆ ಇರುತ್ತಿತ್ತು (ತಪ್ಪು ನನ್ನದೇ), ನಿಲ್ಲಿಸಿದ್ದೇನೆ. ಎಲ್ಲಿವರೆಗೆ ಕತ್ತರಿಸಲಿ? ಎಲೆಯಿಲ್ಲದ ಹಳೆ ಕಡ್ಡಿವರೆಗೆ ಕತ್ತರಿಸಿದರೆ ಮತ್ತೆ ಚಿಗುರಲ್ಲ, ಅದಕ್ಕೇ ಕತ್ತರಿ ಹಾಕಲು ಕೈ ಬರುತ್ತಿಲ್ಲ. ಔಷಧಿ ಹೊಡೆದವರಿದ್ದರೆ ಏನು, ಯಾವಾಗ ಅಂತ ಹೇಳಿ.