ಜರ್ಮನ್ನರ ಸಾಸಿವೆ ತತ್ತಿ ಕಹಿಯಾಯ್ತು, ಎಲ್ಲಿ ತಪ್ಪಾಯ್ತು ಹೇಳಿ

ಬ್ರಹ್ಮಪುರದವಳು:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಮೂರು ವರ್ಷದಿಂದ ಲೈಪ್‌ಜಿಗ್‌ನಲ್ಲಿ ಓದ್ತಿದ್ದಾನೆ, ಈಗ ರಜೆಗೆ ಕಲಬುರಗಿಗೆ ಬಂದಿದ್ದಾನೆ. ಅಲ್ಲಿ ಅವನು ಬಾಡಿಗೆಗಿರುವ ಮನೆಯ ಅಜ್ಜಿ ಆಗಾಗ ಕರೆದು ಊಟ ಹಾಕ್ತಾರಂತೆ. ಬೇಯಿಸಿದ ತತ್ತಿ, ಅದರ ಮೇಲೆ ಸಾಸಿವೆಯ ಸಾಸ್, ಪಕ್ಕದಲ್ಲಿ ಬೆಂದ ಆಲೂಗಡ್ಡೆ. ಜೆನ್ಫ್‌ಐಯರ್ ಅಂತ ಹೆಸರು. ಅವ್ವನ ಕೈಯ ರೊಟ್ಟಿ, ಪುಂಡಿಪಲ್ಯ ತಿಂದು ಖುಷಿಯಾಗಿದ್ದಾನೆ, ಆದರೂ ಎರಡು ಮೂರು ಸಲ ಆ ತತ್ತಿಯ ಮಾತು ತೆಗೆದ. ನಾನೇ ಮಾಡಿ ಹಾಕೋಣ ಅಂದುಕೊಂಡೆ.

ನಮ್ಮ ಮನೆಯಲ್ಲಿ ತತ್ತಿಗೆ ಬೇರೆ ಪಾತ್ರೆ, ಬೇರೆ ಒಲೆ, ಅದೂ ಹಿತ್ತಲಲ್ಲಿ. ಅಲ್ಲೇ ಕೂತು ಮಾಡಿದೆ. ಒಗ್ಗರಣೆಯ ಕಪ್ಪು ಸಾಸಿವೆ ಮಿಕ್ಸಿಗೆ ಹಾಕಿ, ಬೇಗ ನುಣ್ಣಗಾಗಲಿ ಅಂತ ಬಿಸಿನೀರು ಸುರಿದು ರುಬ್ಬಿದೆ, ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಹಾಕಿ ಅದಕ್ಕೆ ಈ ಸಾಸಿವೆ ಸೇರಿಸಿ ಹತ್ತು ನಿಮಿಷ ಚೆನ್ನಾಗಿ ಕುದಿಸಿದೆ. ಬಾಯಿಗಿಟ್ಟರೆ ಬೇವು. ಬಣ್ಣವೂ ಬೂದಿ ಬಣ್ಣ. ತಮ್ಮ ಏನೂ ಅನ್ನಲಿಲ್ಲ, ಒಂದೊಂದೇ ತತ್ತಿ ಎತ್ತಿ ತಟ್ಟೆಯ ಅಂಚಿಗೆ ಸಾಸ್ ಒರೆಸಿ ತಿಂದ. ಅದನ್ನು ನೋಡಿ ನನಗೆ ತುಂಬಾ ಬೇಜಾರಾಯ್ತು. ಮುಂದಿನ ಭಾನುವಾರ ಹೊರಡ್ತಾನೆ, ಅಷ್ಟರಲ್ಲಿ ಒಮ್ಮೆ ಸರಿಯಾಗಿ ಮಾಡಬೇಕು. ಆ ಕಡೆಯವರು ಮನೇಲಿ ಮಾಡುವ ಬೇರೆ ತತ್ತಿ ಅಡುಗೆ ಗೊತ್ತಿದ್ದರೂ ಹೇಳಿ. ಹಂದಿ ಮಾಂಸ ಬೇಡ.

ಹುಮನಾಬಾದಿ:

ಅಕ್ಕಾ, ನಾನು ಡ್ರೆಸ್ಡೆನ್‌ನಲ್ಲಿ ಆರು ವರ್ಷ ಇದ್ದೆ, ಇದನ್ನು ಲೆಕ್ಕವಿಲ್ಲದಷ್ಟು ಸಲ ತಿಂದಿದ್ದೇನೆ, ಮಾಡಿದ್ದೇನೆ. ಹಳೇ ಪೂರ್ವ ಜರ್ಮನಿಯ ಶಾಲೆ, ಕಾರ್ಖಾನೆ ಕ್ಯಾಂಟೀನುಗಳಲ್ಲೆಲ್ಲ ಇದು ಇರುತ್ತಿತ್ತು. ನಿಮ್ಮ ತಮ್ಮನಿಗೆ ಲೈಪ್‌ಜಿಗ್‌ನಲ್ಲಿ ಇದರ ರುಚಿ ಹತ್ತಿದ್ದು ಸಹಜ.

ಮೂರು ಕಡೆ ತಪ್ಪಿದೆ. ಒಂದು, ಅವರು ಹಾಕುವುದು ವಿನೆಗರ್ ಸೇರಿಸಿ ಮಾಡಿಟ್ಟ ಸಾಸಿವೆ ಪೇಸ್ಟ್, ಅದೂ ಹೆಚ್ಚಾಗಿ ಹಳದಿ ಸಾಸಿವೆಯದ್ದು. ಆಗಷ್ಟೇ ರುಬ್ಬಿದ ಸಾಸಿವೆ ಯಾವುದಾದರೂ ಕಹಿಯೇ, ಕಪ್ಪು ಸಾಸಿವೆ ಇನ್ನೂ ಜಾಸ್ತಿ. ಎರಡು, ಬಿಸಿನೀರು. ಸಾಸಿವೆಯ ಘಾಟು ಕಾಳಿನಲ್ಲಿ ಸಿದ್ಧವಾಗಿ ಇರಲ್ಲ, ಪುಡಿಯಾಗಿ ತಣ್ಣೀರು ತಾಗಿದ ಮೇಲೆ ಹುಟ್ಟುತ್ತೆ. ಬಿಸಿನೀರು ಹಾಕಿದರೆ ಆ ಕೆಲಸ ಅಲ್ಲೇ ನಿಲ್ಲುತ್ತೆ, ಘಾಟು ಬರಲ್ಲ, ಕಹಿ ಮಾತ್ರ ಉಳಿಯುತ್ತೆ. ಮೂರನೇದು ಕುದಿಸಿದ್ದು.

ಇವತ್ತೇ ಹಳದಿ ಸಾಸಿವೆ ತನ್ನಿ. ನಾಲ್ಕು ಚಮಚ ಒಣಗಿದ್ದನ್ನೇ ಪುಡಿ ಮಾಡಿ, ನಾಲ್ಕು ಚಮಚ ತಣ್ಣೀರು ಹಾಕಿ ಕಲಸಿ ಹತ್ತು ನಿಮಿಷ ಬಿಡಿ, ಮೂಗಿಗೆ ಹೊಡೆಯುವಷ್ಟು ಘಾಟು ಬರುತ್ತೆ. ಆಮೇಲೆ ಮೂರು ಚಮಚ ವಿನೆಗರ್, ಅರ್ಧ ಚಮಚ ಉಪ್ಪು, ಒಂದು ಚಮಚ ಸಕ್ಕರೆ, ಚಿಟಿಕೆ ಅರಿಶಿನ. ಗಾಜಿನ ಬಾಟಲಿಗೆ ತುಂಬಿ ಎರಡು ದಿನ ಮುಟ್ಟಬೇಡಿ. ಕಹಿ ತಾನಾಗಿ ಇಳಿಯುತ್ತೆ.

ನಾಲ್ಕು ಜನಕ್ಕೆ ಎಂಟು ತತ್ತಿ, ಕುದಿಯುವ ನೀರಿನಲ್ಲಿ 8 ನಿಮಿಷ, ತಕ್ಷಣ ತಣ್ಣೀರಿಗೆ. ಬೆಣ್ಣೆ 30 ಗ್ರಾಂ, ಮೈದಾ 30 ಗ್ರಾಂ ಸಣ್ಣ ಉರಿಯಲ್ಲಿ ಹುರಿಯಿರಿ, ಬಣ್ಣ ತಿರುಗಬಾರದು. ಅರ್ಧ ಲೀಟರ್ ಹಾಲನ್ನು (ಅರ್ಧ ಹಾಲು, ಅರ್ಧ ತರಕಾರಿ ಬೇಯಿಸಿದ ನೀರು ಆದರೂ ಆಗುತ್ತೆ, ಅಲ್ಲಿ ತುಂಬಾ ಜನ ಹಾಗೇ ಮಾಡ್ತಾರೆ) ಸ್ವಲ್ಪ ಸ್ವಲ್ಪವೇ ಹಾಕ್ತಾ ಗಂಟಾಗದ ಹಾಗೆ ತಿರುವಿ, ಮೈದಾದ ಹಸಿ ವಾಸನೆ ಹೋಗೋ ತನಕ ಬೇಯಿಸಿ. ಈಗ ಒಲೆ ಆರಿಸಿ. ಆಮೇಲೇ ಮೂರು ಚಮಚ ಸಾಸಿವೆ ಪೇಸ್ಟ್, ಉಪ್ಪು, ಸ್ವಲ್ಪ ನಿಂಬೆರಸ, ಚಿಟಿಕೆ ಸಕ್ಕರೆ. ಮತ್ತೆ ಒಲೆಗೆ ಇಡಬೇಡಿ. ಒಗ್ಗರಣೆ ಹಾಕೋಕೆ ಕೈ ಹೋಗುತ್ತೆ, ಹಾಕಬೇಡಿ ಅಕ್ಕಾ, ಆ ಅಜ್ಜಿಯ ರುಚಿ ಬರಲ್ಲ.

ಸುರಪುರದವ:

ಸುಲಭದ್ದು ಬೇಕಂದ್ರೆ ಬೌವರ್ನ್‌ಫ್ರೂಸ್ಟುಕ್ ಮಾಡಿ. ರೈತರ ನಾಷ್ಟಾ ಅಂತ ಅರ್ಥ. ಅವರು ಹಂದಿ ಮಾಂಸದ ಚೂರು ಹಾಕ್ತಾರೆ, ಬಿಟ್ಟರೂ ನಡೆಯುತ್ತೆ. ಆಲೂಗಡ್ಡೆ ಹಿಂದಿನ ರಾತ್ರಿಯೇ ಸಿಪ್ಪೆ ಸಮೇತ ಬೇಯಿಸಿ ಇಟ್ಟಿರಬೇಕು, ಗುಟ್ಟು ಅದೊಂದೇ. ಆಗಷ್ಟೇ ಬೆಂದದ್ದು ಹಂಚಿನ ಮೇಲೆ ಪುಡಿಯಾಗುತ್ತೆ, ತಣ್ಣಗಾದದ್ದು ಬಿಲ್ಲೆ ಬಿಲ್ಲೆಯಾಗಿ ನಿಂತು ಗರಿಗರಿ ಹುರಿಯುತ್ತೆ. ರೊಟ್ಟಿಯ ಕಬ್ಬಿಣದ ಹಂಚು ಇದಕ್ಕೆ ಛಲೋ (ನಿಮ್ಮ ಮನೇಲಿ ತತ್ತಿಗೆ ಬೇರೆ ಹಂಚು ಬೇಕಾಗುತ್ತೆ ಅಲ್ವಾ). ನಾನು ಕುಸುಬಿ ಎಣ್ಣೆಯಲ್ಲೇ ಮಾಡ್ತೇನೆ. ಎರಡೂ ಮಗ್ಗುಲು ಕೆಂಪಾದ ಮೇಲೆ ಉಳ್ಳಾಗಡ್ಡಿ, ಅದು ಮೆತ್ತಗಾದ ಮೇಲೆ ಹಾಲು, ಉಪ್ಪು, ಕಾಳುಮೆಣಸು ಹಾಕಿ ಕಡೆದ ತತ್ತಿ ಸುರಿದು ಸುಮ್ನೆ ಬಿಡಿ, ಕೆದಕಬೇಡಿ. ಜೊತೆಗೆ ಉಪ್ಪಿನಲ್ಲಿ ಹಾಕಿದ ಸೌತೆಕಾಯಿ.

ಆಳಂದ ರಸ್ತೆ:

ತಂಗೀ, ಫ್ರಾಂಕ್‌ಫರ್ಟ್ ಕಡೆ ಹಸಿರು ಸಾಸ್ ಅಂತ ಮಾಡ್ತಾರೆ, ಗ್ರ್ಯೂನೆ ಝೋಸೆ. ಮಗಳ ಮನೆಯಲ್ಲಿ ತಿಂದೆ. ಏಳು ಥರದ ಸೊಪ್ಪು ಹಸಿಯಾಗೇ ಸಣ್ಣಗೆ ಹೆಚ್ಚಿ ಗಟ್ಟಿ ಮೊಸರಿನಂಥದ್ದಕ್ಕೆ ಕಲಸಿ, ಬೇಯಿಸಿದ ತತ್ತಿ, ಆಲೂಗಡ್ಡೆ ಜೊತೆ ತಣ್ಣಗೇ ಕೊಡ್ತಾರೆ. ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ ಹಾಗಿದೆ. ಆ ಏಳರಲ್ಲಿ ಒಂದು ಯಾವುದು ಗೊತ್ತಾ? ನಮ್ಮ ಅಳವಿ! ಬಾಣಂತಿಗೆ ಉಂಡಿ ಕಟ್ಟುವ ಅದೇ ಅಳವಿ ಕಾಳಿನ ಗಿಡ. ಅವರು ಒದ್ದೆ ಹತ್ತಿಯ ಮೇಲೆ ಕಾಳು ಚೆಲ್ಲಿ ಕಿಟಕಿಯಲ್ಲಿ ಇಡ್ತಾರೆ, ವಾರದೊಳಗೆ ಕತ್ತರಿಸೋ ಹಾಗೆ ಬರುತ್ತೆ. ನಾನೂ ತಟ್ಟೆಯಲ್ಲಿ ಬೆಳೆಸಿದೆ, ಮೂಲಂಗಿಯ ಹಾಗೆ ಸಣ್ಣ ಖಾರ. ಅವರ ಹುಳಿ ಸೊಪ್ಪಿನ ಬದಲು ಪುಂಡಿಯ ಎಳೆ ಎಲೆ ಹಾಕಿದೆ, ಕೊತ್ತಂಬರಿ ಸ್ವಲ್ಪವೇ. 2016ರಿಂದ ಆ ಊರಿನ ಸುತ್ತ ಬೆಳೆದ ಸೊಪ್ಪಿಗೆ ಮಾತ್ರ ಫ್ರಾಂಕ್‌ಫರ್ಟ್ ಹೆಸರು ಸಲ್ಲುತ್ತೆ, ಹಾಗಾಗಿ ನಮ್ಮದಕ್ಕೆ ಆ ಹೆಸರು ಇಡೋ ಹಾಗಿಲ್ಲ. ನಮ್ಮ ಮನೇಲಿ ಪುಂಡಿ ಮೊಸರು ಅಂತೀವಿ.

ಬ್ರಹ್ಮಪುರದವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶುಕ್ರವಾರ ರಾತ್ರಿ ಮಾಡಿದೆ. ಹುಮನಾಬಾದಿ ಅಣ್ಣಾ, ಎರಡನೇ ದಿನ ಬಾಟಲಿ ಮುಚ್ಚಳ ತೆಗೆದಾಗಲೇ ವಾಸನೆ ಬೇರೆ ಇತ್ತು. ಸಾಸ್ ತೆಳು ಹಳದಿ ಬಂತು, ನಾಲಿಗೆಗೆ ಮೊದಲು ಬೆಣ್ಣೆ, ಆಮೇಲೆ ಮೆಲ್ಲಗೆ ಸಾಸಿವೆ. ಅವ್ವ ತತ್ತಿ ತಿನ್ನಲ್ಲ, ಅದಕ್ಕೆ ತತ್ತಿ ಹಾಕೋ ಮೊದಲೇ ಒಂದು ಬಟ್ಟಲು ಸಾಸ್ ತೆಗೆದಿಟ್ಟಿದ್ದೆ, ಆಲೂಗಡ್ಡೆ ಮೇಲೆ ಸುರಿದುಕೊಂಡು ಎರಡನೇ ಸಲವೂ ಬಡಿಸಿಕೊಂಡರು. ತಮ್ಮ ತಟ್ಟೆಯಲ್ಲಿ ಉಳಿದ ಸಾಸನ್ನು ರೊಟ್ಟಿ ಚೂರಿನಿಂದ ಒರೆಸಿ ತಿಂದ. ಅಳವಿ ನಿನ್ನೆ ಚೆಲ್ಲಿದ್ದೇನೆ ಅಕ್ಕಾ. ಅರ್ಧ ಬಾಟಲಿ ಸಾಸಿವೆ ಉಳಿದಿದೆ, ಎಷ್ಟು ದಿನ ಇಡಬಹುದು?

ಹುಮನಾಬಾದಿ:

ಫ್ರಿಜ್‌ನಲ್ಲಿಡಿ, ಒಣ ಚಮಚವನ್ನೇ ಹಾಕಿ. ತಿಂಗಳು ಪೂರ್ತಿ ಏನೂ ಆಗಲ್ಲ.